ಹದಿನೆಂಟು ಸಾಲಿನ ಅಂಕಪಟ್ಟಿ

ಪ್ರೌಢಶಾಲೆಯ ಗಣಿತದ ಮೇಷ್ಟ್ರಿಗೆ ಪಾಠದಷ್ಟೇ ಅಭ್ಯಾಸವಾಗಿಬಿಡುವ ಇನ್ನೊಂದು ವಸ್ತು ಅಂಕಪಟ್ಟಿ. ಮೂವತ್ತೊಂದು ವರ್ಷ ನಾನು ಅದನ್ನು ಬರೆದಿದ್ದೇನೆ, ಕೂಡಿದ್ದೇನೆ, ತಾಳೆ ನೋಡಿದ್ದೇನೆ, ಸಹಿ ಹಾಕಿ ಹಂಚಿದ್ದೇನೆ. ಅದು ಕೈಗೆ ಬಂದೊಡನೆ ತಂದೆತಾಯಂದಿರ ಕಣ್ಣು ಎಲ್ಲಿಗೆ ಓಡುತ್ತದೆ ಎನ್ನುವುದು ನನಗೆ ಬಾಯಿಪಾಠ. ಮೊದಲು ಕೆಳಗಿನ ‘ಒಟ್ಟು’. ಅಲ್ಲಿಂದ ನೇರ ಗಣಿತ, ವಿಜ್ಞಾನ. ಆಮೇಲೆ ಪಕ್ಕದ ಮನೆ ಹುಡುಗನ ಒಟ್ಟು ಎಷ್ಟು ಎಂಬ ವಿಚಾರಣೆ. ಹಾಜರಾತಿ, ನಡತೆ, ಆಟೋಟ ಎಂದು ಕೊನೆಯಲ್ಲಿ ಸಣ್ಣಕ್ಷರದಲ್ಲಿರುವ ಕಾಲಂಗಳನ್ನು ಓದಿದ ಪೋಷಕರನ್ನು ಬೆರಳಲ್ಲಿ ಎಣಿಸಬಲ್ಲೆ.

ನಿವೃತ್ತಿಯಾದ ಮೇಲೆ ಶಾಲೆಯ ಅಂಕಪಟ್ಟಿ ತಪ್ಪಿತು, ಚಟ ತಪ್ಪಲಿಲ್ಲ. ಈಗ ಆಟಗಾರರ ಅಂಕಪಟ್ಟಿ ಓದುತ್ತೇನೆ. ಕ್ರಿಕೆಟ್ಟಿನವರದು ನಮ್ಮ ಮಕ್ಕಳಿಗೇ ಕಂಠಪಾಠ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಇಡುವ ಲೆಕ್ಕವೂ ಅಷ್ಟೇ ಅಚ್ಚುಕಟ್ಟು. ಪ್ರತಿ ಆಟಗಾರನಿಗೂ ಒಂದು ಪಟ್ಟಿ, ಒಂದೊಂದು ಸೀಸನ್‌ಗೂ ಒಂದೊಂದು ಸಾಲು. ಎಷ್ಟು ಪಂದ್ಯ ಆಡಿದ, ಪಂದ್ಯಕ್ಕೆ ಸರಾಸರಿ ಎಷ್ಟು ಪಾಯಿಂಟ್ ತಂದ, ಬೇರೆ ಏನೇನು ಮಾಡಿದ ಎಂಬುದೆಲ್ಲ ಅಲ್ಲಿರುತ್ತದೆ. ಪಕ್ಕದಲ್ಲಿ ಆ ವರ್ಷ ಸಂದ ಗೌರವಗಳು.

ಹಾಗೆ ಓದಿದ ಪಟ್ಟಿಗಳಲ್ಲಿ ಒಂದು ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅದು ಡಿಕೆಂಬೆ ಮುಟೊಂಬೊ ಎಂಬಾತನದು. 1991-92ರಿಂದ 2008-09ರವರೆಗೆ ಹದಿನೆಂಟು ಸೀಸನ್, ಹದಿನೆಂಟು ಸಾಲು. ನಮ್ಮ ಪೋಷಕರ ಕಣ್ಣಿನಿಂದ ನೋಡಿದರೆ ಇದು ವರ್ಷದಿಂದ ವರ್ಷಕ್ಕೆ ಹಿಂದೆ ಬಿದ್ದ ಹುಡುಗನ ಪಟ್ಟಿ. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 16.6 ಪಾಯಿಂಟ್. ಎರಡನೆಯ ವರ್ಷ 13.8. ಮೂರನೆಯ ವರ್ಷ 12. ನಾಲ್ಕನೆಯ ವರ್ಷ 11.5. ಐದನೆಯ ವರ್ಷ 11. ಇಂಥ ಪಟ್ಟಿ ಮನೆಗೆ ತಂದ ಹುಡುಗನಿಗೆ ನಮ್ಮಲ್ಲಿ ಎರಡನೆಯ ವರ್ಷಕ್ಕೆ ಟ್ಯೂಷನ್, ನಾಲ್ಕನೆಯ ವರ್ಷಕ್ಕೆ ಜ್ಯೋತಿಷಿ!

ಆದರೆ ಪಕ್ಕದ ಗೌರವದ ಕಾಲಂ ನೋಡಿ. ನಾಲ್ಕನೆಯ ವರ್ಷ ಆತ ಇಡೀ ಲೀಗ್‌ಗೆ ‘ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ’. ಆ ಪ್ರಶಸ್ತಿ ಮುಂದೆ ಮತ್ತೆ ಮೂರು ಸಲ ಬಂತು. ಪಾಯಿಂಟ್ ಇಳಿದಂತೆ ಗೌರವ ಏರಿದೆ. ಲೆಕ್ಕದ ಮೇಷ್ಟ್ರಿಗೆ ಇದಕ್ಕಿಂತ ರುಚಿಯಾದ ಸಮಸ್ಯೆ ಬೇಕೆ?

ತಡೆಯುವವನ ಲೆಕ್ಕ

ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದವರಿಗಾಗಿ ಎರಡು ಮಾತು. ನೆಲದಿಂದ ಹತ್ತು ಅಡಿ ಎತ್ತರದಲ್ಲಿ ಒಂದು ಬಳೆ. ಚೆಂಡನ್ನು ಅದರೊಳಗೆ ಹಾಕಿದವನಿಗೆ ಪಾಯಿಂಟ್. ಗುರಿ ತಪ್ಪಿ ವಾಪಸು ಬರುವ ಚೆಂಡನ್ನು ಹಾರಿ ಹಿಡಿದರೆ ಅದು ‘ರೀಬೌಂಡ್’. ಎದುರಾಳಿ ಎಸೆದ ಚೆಂಡು ಬಳೆಯತ್ತ ಹೋಗುವ ಮೊದಲೇ ಕೈಯಿಂದ ತಟ್ಟಿ ಹಾಕಿದರೆ ಅದು ‘ಬ್ಲಾಕ್’. ಇದರಲ್ಲೊಂದು ಕಟ್ಟುನಿಟ್ಟಿದೆ. ಚೆಂಡು ಮೇಲೇರುವಾಗ ಮಾತ್ರ ತಟ್ಟಬಹುದು. ಬಳೆಯ ಕಡೆಗೆ ಇಳಿಯಲು ಶುರುವಾದ ಮೇಲೆ ಮುಟ್ಟಿದರೆ ಪಾಯಿಂಟ್ ಎದುರಾಳಿಗೇ ಹೋಗುತ್ತದೆ. ಅಂದರೆ ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತಿನಲ್ಲಿ ಲೆಕ್ಕ ಹಾಕಿ, ಹಾರಿ, ಮುಟ್ಟಬೇಕು.

ನಮ್ಮ ಕಬಡ್ಡಿಯನ್ನು ನೆನಪಿಸಿಕೊಳ್ಳಿ. ಉಸಿರು ಹಿಡಿದು ದಾಳಿಗೆ ಹೋಗಿ ಇಬ್ಬರನ್ನು ಮುಟ್ಟಿ ಬಂದವನನ್ನು ಊರವರು ಹೆಗಲ ಮೇಲೆ ಹೊರುತ್ತಾರೆ. ಕಾಲು ಹಿಡಿದು ಕೆಡವಿದವನ ಮೊಣಕೈ ತರಚಿದ್ದನ್ನು ಅವನ ಅವ್ವ ಮಾತ್ರ ನೋಡುತ್ತಾಳೆ. ಮುಟೊಂಬೊ ಹಿಡಿಯುವವರ ಜಾತಿಯವನು. ಏಳು ಅಡಿ ಎರಡು ಅಂಗುಲದ ಆಳು ಬಳೆಯ ಕೆಳಗೆ ಬಾಗಿಲು ಕಾಯುವಂತೆ ನಿಂತುಬಿಡುತ್ತಿದ್ದ. ಅವನ ಪಟ್ಟಿಯನ್ನು ಓದಬೇಕಾದ ಕಾಲಂ ಬ್ಲಾಕ್‌ಗಳದು. ಮೊದಲ ವರ್ಷ ಪಂದ್ಯಕ್ಕೆ 3. ಆಮೇಲೆ 3.5, 4.1, 3.9, ಐದನೆಯ ವರ್ಷ 4.5. ಪಾಯಿಂಟ್ 16.6ರಿಂದ 11ಕ್ಕೆ ಇಳಿಯುವ ಹೊತ್ತಿಗೆ ಇದು ಒಂದೂವರೆ ಪಟ್ಟಾಗಿದೆ. 1994, 1995, 1996 ಮೂರೂ ವರ್ಷ ಈ ಕಾಲಂನಲ್ಲಿ ಲೀಗ್‌ಗೇ ಅವನು ಮೊದಲಿಗ.

ಡಾಕ್ಟರಾಗಲು ಹೊರಟವನು

ಮುಟೊಂಬೊ ಹುಟ್ಟಿದ್ದು 1966ರಲ್ಲಿ, ಆಫ್ರಿಕಾದ ಕಾಂಗೊ ದೇಶದ ರಾಜಧಾನಿ ಕಿನ್ಶಾಸಾದಲ್ಲಿ. ತಂದೆ ಶಿಕ್ಷಣ ಕ್ಷೇತ್ರದಲ್ಲಿದ್ದವರು, ಮನೆಯಲ್ಲಿ ಓದಿಗೆ ಮೊದಲ ಮಣೆ. ಹುಡುಗ ಆಡುತ್ತಿದ್ದುದು ಫುಟ್‌ಬಾಲ್. ಬ್ಯಾಸ್ಕೆಟ್‌ಬಾಲ್ ಕೈಗೆ ಬಂದದ್ದು ಹದಿಹರೆಯದ ಕೊನೆಯಲ್ಲಿ. ಅವನ ಆಸೆಯಾದರೂ ಡಾಕ್ಟರಾಗಬೇಕು, ಊರಿಗೆ ಮರಳಿ ಜನಕ್ಕೆ ಔಷಧಿ ಕೊಡಬೇಕು ಎಂಬುದು. ಆ ಆಸೆ ಹೊತ್ತುಕೊಂಡೇ 1987ರಲ್ಲಿ ವಿದ್ಯಾರ್ಥಿವೇತನದ ಮೇಲೆ ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಬಂದ. ಆಗ ಅವನಿಗೆ ಇಂಗ್ಲಿಷ್ ಹೆಚ್ಚುಕಡಿಮೆ ಬಾರದು. ಅಲ್ಲಿ ಜಾನ್ ಥಾಂಪ್ಸನ್ ಎಂಬ ಹೆಸರಾಂತ ತರಬೇತುದಾರರ ಕಣ್ಣಿಗೆ ಬಿದ್ದ. ಆ ಎತ್ತರ ಯಾರ ಕಣ್ಣಿಗೆ ತಾನೆ ಬೀಳುವುದಿಲ್ಲ!

ಎರಡನೆಯ ವರ್ಷದಿಂದ ಆಟ ಶುರುವಾಯಿತು. ಆಟ ಮತ್ತು ವೈದ್ಯಕೀಯ ಎರಡನ್ನೂ ಒಟ್ಟಿಗೆ ಎಳೆಯುವುದು ಆಗದ ಮಾತಾಯಿತು. ವೈದ್ಯಕೀಯ ಬಿಟ್ಟ. ಆದರೆ ಓದು ಬಿಡಲಿಲ್ಲ. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸವನ್ನು ವಿದ್ಯಾರ್ಥಿಗಳು ದಯವಿಟ್ಟು ಗಮನಿಸಬೇಕು. ಭಾಷಾಶಾಸ್ತ್ರ ಮತ್ತು ರಾಜತಾಂತ್ರಿಕ ವಿಷಯಗಳನ್ನು ಓದಿ 1991ರಲ್ಲಿ ಪದವಿ ಪಡೆದೇ ಹೊರಬಂದ. ಇಂಗ್ಲಿಷ್ ಬಾರದೆ ಬಂದವನು ಮುಂದೆ ಒಂಬತ್ತು ಭಾಷೆ ಆಡಬಲ್ಲವನೆಂದು ಹೆಸರಾದ. ಅವುಗಳಲ್ಲಿ ಐದು ಅವನ ನೆಲದವೇ. ಅದೇ ವರ್ಷ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ಡೆನ್ವರ್ ನಗೆಟ್ಸ್ ತಂಡದ ಪಾಲಾದ.

ಮೊದಲ ವರ್ಷದ ಆ 16.6ಕ್ಕೂ ಕಾರಣವಿತ್ತು. ಆಗ ಡೆನ್ವರ್‌ನ ತರಬೇತುದಾರ ಪಾಲ್ ವೆಸ್ಟ್‌ಹೆಡ್. ಓಡಿ, ಎಸೆ, ಮತ್ತೆ ಓಡು ಎಂಬುದು ಅವರ ಪದ್ಧತಿ. ಹೊಸ ಹುಡುಗ ಓಡಿದ, ಎಸೆದ, ಮೊದಲ ವರ್ಷವೇ ಆಲ್‌ಸ್ಟಾರ್ ಪಂದ್ಯಕ್ಕೂ ಆಯ್ಕೆಯಾದ. ಮರುವರ್ಷ ತರಬೇತುದಾರರು ಬದಲಾದರು, ಆಟದ ಓಟವೂ ತಗ್ಗಿತು. ಪಾಯಿಂಟ್ ತರುವವರು ಬೇರೆ ಇದ್ದರು. ಬಾಗಿಲು ಕಾಯುವವನು ಒಬ್ಬನೇ. ಅವನು ಆ ಕೆಲಸಕ್ಕೆ ನಿಂತ.

1994ರ ಸಾಲು

ಅವನ ಪಟ್ಟಿಯಲ್ಲಿ 1993-94ರ ಸಾಲು ನೋಡಿ. ಪಂದ್ಯ 82, ಪಾಯಿಂಟ್ 12, ರೀಬೌಂಡ್ 11.8, ಬ್ಲಾಕ್ 4.1. ಆ ವರ್ಷ ಆಲ್‌ಸ್ಟಾರ್ ಪಂದ್ಯಕ್ಕೆ ಕರೆ ಬರಲಿಲ್ಲ. ಅತ್ಯುತ್ತಮ ರಕ್ಷಣಾ ಆಟಗಾರನ ಪ್ರಶಸ್ತಿ ಹಕೀಮ್ ಒಲಾಜುವಾನ್ ಪಾಲಾಯಿತು. ಬ್ಲಾಕ್‌ಗಳಲ್ಲಿ ಮೊದಲಿಗ ಎಂಬುದನ್ನು ಬಿಟ್ಟರೆ ಗೌರವದ ಕಾಲಂ ಖಾಲಿ.

ಆ ಖಾಲಿ ಸಾಲಿನಲ್ಲೇ ಅವನ ಬದುಕಿನ ಅತ್ಯಂತ ಪ್ರಸಿದ್ಧ ಪಂದ್ಯ ಇದೆ. ಸೀಸನ್ ಮುಗಿದ ಮೇಲೆ ಮುಂಚೂಣಿಯ ತಂಡಗಳ ನಡುವೆ ಪ್ಲೇಆಫ್ ನಡೆಯುತ್ತದೆ. ಒಂದನೆಯ ಸ್ಥಾನದ ತಂಡಕ್ಕೂ ಎಂಟನೆಯ ಸ್ಥಾನದ ತಂಡಕ್ಕೂ ಜೋಡಿ. ಸಿಯಾಟಲ್ ಸೂಪರ್‌ಸಾನಿಕ್ಸ್ ಆ ವರ್ಷ 63 ಪಂದ್ಯ ಗೆದ್ದು ಒಂದನೆಯದು. ಡೆನ್ವರ್ 42 ಗೆದ್ದು, 40 ಸೋತು ಎಂಟನೆಯದು. ಐದು ಪಂದ್ಯದ ಸರಣಿಯಲ್ಲಿ ಮೂರು ಗೆದ್ದವರು ಮುಂದಕ್ಕೆ. ಡೆನ್ವರ್ ಮೊದಲೆರಡನ್ನು ಸೋತಿತು. ಕಥೆ ಮುಗಿಯಿತು ಎಂದುಕೊಂಡವರೇ ಎಲ್ಲ. ಮುಂದಿನ ಎರಡನ್ನು ಗೆದ್ದಿತು. ಮೇ 7ರಂದು ಸಿಯಾಟಲ್‌ನಲ್ಲೇ ನಡೆದ ಐದನೆಯ ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಡೆನ್ವರ್ 98-94ರಿಂದ ಗೆದ್ದಿತು. ಎಂಟನೆಯ ಸ್ಥಾನದ ತಂಡ ಒಂದನೆಯದನ್ನು ಹೊರಗಟ್ಟಿದ್ದು ಎನ್‌ಬಿಎಯಲ್ಲಿ ಅದೇ ಮೊದಲು.

ಕೊನೆಯ ಚೆಂಡು ಸಿಕ್ಕಿದ್ದು ಮುಟೊಂಬೊನ ಕೈಗೆ. ಅದನ್ನು ಹಿಡಿದುಕೊಂಡೇ ನೆಲಕ್ಕೆ ಬಿದ್ದ. ಅಂಗಾತ ಮಲಗಿ, ಎರಡೂ ಕೈಯಲ್ಲಿ ಚೆಂಡನ್ನು ತಲೆಯ ಮೇಲೆತ್ತಿ ಹಿಡಿದು, ಬಾಯ್ತೆರೆದು ನಗುತ್ತಿರುವ ಅವನ ಚಿತ್ರವನ್ನು ಬ್ಯಾಸ್ಕೆಟ್‌ಬಾಲ್ ಪ್ರಿಯರು ಇಂದಿಗೂ ಮರೆತಿಲ್ಲ. ಆ ಐದು ಪಂದ್ಯಗಳಲ್ಲಿ ಅವನು ಮಾಡಿದ ಬ್ಲಾಕ್ 31. ಐದು ಪಂದ್ಯದ ಸರಣಿಯಲ್ಲಿ ಅಷ್ಟು ಮಾಡಿದವರು ಇನ್ನೊಬ್ಬರಿಲ್ಲ. ವರ್ಷದ ಸಾಲು ನೋಡಿದವನಿಗೆ ಇದು ಯಾವುದೂ ಕಾಣದು. ಪ್ಲೇಆಫ್‌ನ ಲೆಕ್ಕವನ್ನು ಬೇರೆ ಪಟ್ಟಿಯಲ್ಲಿ ಇಡುತ್ತಾರೆ!

ಮರುವರ್ಷ, 1994-95ರಲ್ಲಿ, ಮೊದಲ ರಕ್ಷಣಾ ಪ್ರಶಸ್ತಿ ಬಂತು. 1996ರಲ್ಲಿ ಅಟ್ಲಾಂಟಾ ಹಾಕ್ಸ್ ತಂಡಕ್ಕೆ ಹೋದ. 1997 ಮತ್ತು 1998ರಲ್ಲಿ ಮತ್ತೆರಡು. ಬ್ಲಾಕ್ ಮಾಡಿದಾಗಲೆಲ್ಲ ತೋರುಬೆರಳನ್ನು ಅತ್ತಿತ್ತ ಆಡಿಸಿ ‘ಇಲ್ಲಿ ನಡೆಯೋಲ್ಲ’ ಎಂದು ಸನ್ನೆ ಮಾಡುವುದು ಅವನ ಅಭ್ಯಾಸ. ತುಂಟ ಹುಡುಗನಿಗೆ ನಮ್ಮ ಅಜ್ಜಿಯಂದಿರು ಮಾಡುತ್ತಿದ್ದುದೂ ಅದನ್ನೇ. ಎದುರಾಳಿಯ ಮುಖಕ್ಕೆ ಹಿಡಿದು ಹಾಗೆ ಮಾಡಿದರೆ ದಂಡ ಎಂದು ಲೀಗ್ ಹೇಳಿತು. ಅವನು ಪ್ರೇಕ್ಷಕರ ಕಡೆ ತಿರುಗಿ ಬೆರಳು ಆಡಿಸತೊಡಗಿದ.

ಎಣಿಸದೆ ಹೋದದ್ದು

ಇಲ್ಲೊಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಎನ್‌ಬಿಎ ಬ್ಲಾಕ್‌ಗಳನ್ನು ಎಣಿಸಲು ಆರಂಭಿಸಿದ್ದೇ 1973-74ರಲ್ಲಿ. ಅದಕ್ಕೆ ಮುಂಚೆ ಆ ಕಾಲಂ ಇರಲೇ ಇಲ್ಲ. ಬಾಸ್ಟನ್ ತಂಡದ ಬಿಲ್ ರಸೆಲ್ 1956ರಿಂದ 1969ರವರೆಗೆ ಹದಿಮೂರು ಸೀಸನ್ ಆಡಿದ. ಅವನ ತಂಡ ಹನ್ನೊಂದು ಸಲ ಚಾಂಪಿಯನ್ ಆಯಿತು. ಬ್ಲಾಕ್ ಮಾಡುವುದನ್ನು ಒಂದು ವಿದ್ಯೆಯನ್ನಾಗಿ ಬೆಳೆಸಿದವನೇ ಅವನು. ಆದರೆ ಅವನ ಅಧಿಕೃತ ಪಟ್ಟಿಯಲ್ಲಿ ಬ್ಲಾಕ್ ಎಂಬಲ್ಲಿ ಏನೂ ಇಲ್ಲ, ಸೊನ್ನೆಯೂ ಇಲ್ಲ. ಅತ್ಯುತ್ತಮ ರಕ್ಷಣಾ ಆಟಗಾರ ಎಂಬ ಪ್ರಶಸ್ತಿ ಶುರುವಾದದ್ದು 1982-83ರಲ್ಲಿ. ಮುಟೊಂಬೊ ರಸೆಲ್‌ನ ಕಾಲದಲ್ಲೇ ಇದೇ ಆಟ ಆಡಿದ್ದರೆ, ಅವನ ಪಟ್ಟಿಯಲ್ಲಿ ಉಳಿಯುತ್ತಿದ್ದುದು ಇಳಿಯುವ ಪಾಯಿಂಟ್ ಮತ್ತು ಒಂದಿಷ್ಟು ರೀಬೌಂಡ್.

ಅಂಕಪಟ್ಟಿ ಸುಳ್ಳು ಹೇಳುವುದಿಲ್ಲ. ನಾನು ಅದನ್ನು ಬರೆದು ಅನ್ನ ತಿಂದವನು, ಅದನ್ನು ಹಳಿಯಲಾರೆ. ಆದರೆ ಯಾರೋ ಯಾವತ್ತೋ ಕೂತು ‘ಇದನ್ನು ಎಣಿಸೋಣ’ ಎಂದು ತೀರ್ಮಾನಿಸಿದ್ದನ್ನಷ್ಟೇ ಅದು ಹೇಳುತ್ತದೆ. ತರಗತಿಯಲ್ಲಿ ಪಕ್ಕದವನಿಗೆ ಲೆಕ್ಕ ಹೇಳಿಕೊಡುವ ಹುಡುಗಿಗೆ ನಮ್ಮ ಪಟ್ಟಿಯಲ್ಲಿ ಕಾಲಂ ಇಲ್ಲ. ಜ್ವರದಲ್ಲಿದ್ದ ತಾಯಿಗೆ ಗಂಜಿ ಕಾಯಿಸಿಟ್ಟು ಪರೀಕ್ಷೆಗೆ ಓಡಿಬಂದವನ ಅಂಕದ ಪಕ್ಕ ಷರಾ ಬರೆಯಲು ಜಾಗವಿಲ್ಲ. ಅಂಥವರನ್ನು ನಾನು ಕಂಡಿದ್ದೇನೆ. ಪಟ್ಟಿಯಲ್ಲಿ ಅವರು 58, 61.

ನಮ್ಮ ಮನೆಯ ಪಂಚಾಯಿತಿ

ಈ ಪಟ್ಟಿ ನಮ್ಮ ಮನೆಯ ಜಗುಲಿಗೂ ಬಂದ ಪ್ರಸಂಗ ಹೇಳಬೇಕು. ಮೊಮ್ಮಗ ಒಂಬತ್ತನೆಯ ತರಗತಿ, ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದಾನೆ. ಕಳೆದ ವರ್ಷ ತಾಲ್ಲೂಕು ಮಟ್ಟದ ಪಂದ್ಯಕ್ಕೆ ನನ್ನ ಮಗ ಅರ್ಧ ದಿನ ರಜೆ ಹಾಕಿ ನೋಡಲು ಹೋಗಿದ್ದ. ತಂಡ ಗೆದ್ದಿತು. ಸಂಜೆ ಮನೆಗೆ ಬಂದ ಮಗನ ಮುಖ ಮಾತ್ರ ಸೋತವರ ಮುಖ.

“ಎರಡೇ ಪಾಯಿಂಟು, ಅಪ್ಪ. ಇಡೀ ಆಟದಲ್ಲಿ ಎರಡೇ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಇದಕ್ಕೆ ದಿನಾ ಎರಡು ಗಂಟೆ ಯಾಕೆ ಹಾಳು ಮಾಡ್ಬೇಕು?”

ಹುಡುಗ ಬಾಗಿಲ ಹತ್ತಿರ ಶೂ ಬಿಚ್ಚುತ್ತ ಕೂತಿದ್ದ. ನಾನು ಅವನನ್ನೇ ಕೇಳಿದೆ. “ಏನಪ್ಪ, ನಿಂಗೆ ಏನು ಕೆಲಸ ಕೊಟ್ಟಿದ್ರು?”

“ಅವರ ಟೀಮಲ್ಲಿ ಒಬ್ಬ ಉದ್ದಕ್ಕಿದ್ದ ತಾತ. ಹಿಂದಿನ ಮ್ಯಾಚಲ್ಲಿ ಇಪ್ಪತ್ತು ಹೊಡ್ದಿದ್ದ. ಅವನನ್ನ ಬಿಡ್ಬೇಡ ಅಂದ್ರು ಪಿ.ಟಿ. ಸಾರ್.”

“ಇವತ್ತು ಎಷ್ಟು ಹೊಡೆದ?”

“ಆರು.”

ಅವತ್ತು ರಾತ್ರಿ ಊಟವಾದ ಮೇಲೆ ಮಗನ ಮುಂದೆ ಮುಟೊಂಬೊನ ಪಟ್ಟಿ ಇಟ್ಟೆ. ಬ್ಯಾಂಕಿನಲ್ಲಿ ಲೆಕ್ಕ ನೋಡುವ ಕೈ ಅದು, ಸಾಲು ಸಾಲಾಗಿ ಬೆರಳು ಇಳಿಸಿದ. ಗೌರವದ ಕಾಲಂಗೆ ಬಂದಾಗ ಬೆರಳು ನಿಂತಿತು. ಮತ್ತೆ ಮೇಲಿನಿಂದ ಶುರು ಮಾಡಿದ. ಆಮೇಲೆ ಆ ವ್ಯಕ್ತಿಯ ಕಥೆ ಕೇಳಿದ. ಡಾಕ್ಟರಾಗಲು ಬಂದವನು ಎಂದು ಹೇಳಿದಾಗ ಸುಮ್ಮನಾದ. ಅವನು ಸುಮ್ಮನಾದದ್ದು ಯಾಕೆಂದು ನನಗೆ ಗೊತ್ತು. ಸಿಇಟಿಯಲ್ಲಿ ಅವನಿಗೂ ಮೆಡಿಕಲ್ ಸೀಟು ಸ್ವಲ್ಪದರಲ್ಲಿ ತಪ್ಪಿತ್ತು. ಮದುವೆ ಮುಂಜಿಗೆ ಹೋದಲ್ಲೆಲ್ಲ “ಮೆಡಿಕಲ್ ಸಿಗ್ಲಿಲ್ವಂತೆ” ಎಂಬ ಮಾತು ಹತ್ತು ವರ್ಷ ಅವನ ಬೆನ್ನ ಹಿಂದೆ ಬಂತು. ಆ ಆಸೆ ಈಗ ಹುಡುಗನ ಹೆಗಲಿಗೆ ಬಂದಿದೆ. ತಂದೆಯ ಆಸೆಯನ್ನು ನಾನು ತಪ್ಪು ಎನ್ನಲಾರೆ. ಆದರೆ ಹೆಗಲು ಹುಡುಗನದು.

“ಎಲ್ಲರೂ ಇವನ ಹಾಗೆ ಆಗ್ತಾರಾ ಅಪ್ಪ?” ಎಂದ ಕೊನೆಗೆ.

ಆಗುವುದಿಲ್ಲ. ಆ ಮಾತನ್ನು ಅವನಿಗೂ ಹೇಳಿದೆ, ನಿಮಗೂ ಹೇಳುತ್ತೇನೆ. ಪಾಯಿಂಟ್ ಬಾರದ ಹುಡುಗರೆಲ್ಲ ಮುಟೊಂಬೊ ಆಗುವುದಿಲ್ಲ. ಗಣಿತದಲ್ಲಿ 30 ಬಂದರೆ ಅದು 30ರೇ, ಅದಕ್ಕೆ ಅಭ್ಯಾಸವೇ ಮದ್ದು. ನಾನು ಹೇಳುವುದು ಇಷ್ಟೇ: ಹುಡುಗ ಎರಡು ಪಾಯಿಂಟ್ ತಂದ ದಿನ ಹದಿನಾಲ್ಕನ್ನು ತಡೆದಿದ್ದ. ಅದನ್ನು ಒಬ್ಬರಾದರೂ ಹೆಸರಿಟ್ಟು ಹೇಳಬೇಕಿತ್ತು. ಹತ್ತನೆಯ ತರಗತಿಯ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಎರಡು ಗಂಟೆಯ ಆಟ ಒಂದು ಗಂಟೆಗೆ ರಾಜಿಯಾಗಿದೆ.

ಕೆಳಗಿನ ಸಾಲುಗಳು

ಪಟ್ಟಿಗೆ ಮರಳೋಣ. 1999-2000ದಲ್ಲಿ ಮುಟೊಂಬೊ ಪಂದ್ಯಕ್ಕೆ 14.1 ರೀಬೌಂಡ್ ಹಿಡಿದು ಲೀಗ್‌ಗೆ ಮೊದಲಿಗನಾದ, ಮರುವರ್ಷ 13.5 ಹಿಡಿದು ಮತ್ತೆ ಮೊದಲಿಗ. 2000-01ರ ಸಾಲಿನಲ್ಲಿ ಎರಡು ತಂಡಗಳ ಹೆಸರಿದೆ. ಸೀಸನ್ ನಡುವೆ ಅಟ್ಲಾಂಟಾದಿಂದ ಫಿಲಡೆಲ್ಫಿಯಾಕ್ಕೆ ಬಂದ. ಪಾಯಿಂಟ್ ಪಂದ್ಯಕ್ಕೆ 10. ಆ ವರ್ಷ ನಾಲ್ಕನೆಯ ರಕ್ಷಣಾ ಪ್ರಶಸ್ತಿ ಬಂತು, ತಂಡ ಮೊದಲ ಬಾರಿಗೆ ಅವನನ್ನು ಅಂತಿಮ ಸರಣಿಗೂ ಮುಟ್ಟಿಸಿತು. ಎದುರಿಗೆ ಲಾಸ್ ಏಂಜಲೀಸ್ ಲೇಕರ್ಸ್, ಅವರ ಕಡೆ ಆನೆಯಂಥ ಶಕೀಲ್ ಓನೀಲ್. ಆ ವರ್ಷದ ಅತ್ಯುತ್ತಮ ರಕ್ಷಕನ ಎದುರಲ್ಲೇ ಓನೀಲ್ ಪಂದ್ಯಕ್ಕೆ ಸರಾಸರಿ 33 ಪಾಯಿಂಟ್ ತಂದ. ಮೊದಲ ಪಂದ್ಯ ಗೆದ್ದ ಫಿಲಡೆಲ್ಫಿಯಾ ಉಳಿದ ನಾಲ್ಕನ್ನೂ ಸೋತಿತು. 2003ರಲ್ಲಿ ನ್ಯೂಜೆರ್ಸಿ ತಂಡದ ಜತೆ ಮತ್ತೊಮ್ಮೆ ಅಂತಿಮ ಸರಣಿ, ಮತ್ತೆ ಸೋಲು. ಹದಿನೆಂಟು ಸಾಲಿನಲ್ಲಿ ‘ಚಾಂಪಿಯನ್’ ಎಂಬ ಪದ ಒಂದೂ ಕಡೆ ಇಲ್ಲ.

ಅಲ್ಲಿಂದ ಕೆಳಗಿನ ಸಾಲುಗಳನ್ನು ಯಾವ ಅಭಿಮಾನಿಯೂ ಅಂಗೈಯಿಂದ ಮುಚ್ಚಿಡಲು ನೋಡುತ್ತಾನೆ. ನ್ಯೂಜೆರ್ಸಿಯಲ್ಲಿ ಗಾಯಗೊಂಡು ಬರೀ 24 ಪಂದ್ಯ, 5.8 ಪಾಯಿಂಟ್. ನ್ಯೂಯಾರ್ಕ್‌ನಲ್ಲಿ 5.6. ಹ್ಯೂಸ್ಟನ್‌ಗೆ ಬಂದ ಮೇಲೆ 4, ಆಮೇಲೆ 2.6, 3.1, 3. ಚೀನಾದ ಯಾವೊ ಮಿಂಗ್ ಆ ತಂಡದ ಮುಖ್ಯ ಆಟಗಾರ, ಮುಟೊಂಬೊ ಅವನ ಬದಲಿಗೆ ಬೆಂಚಿನಲ್ಲಿ ಕೂರುವವನು. ಎಂಟು ಸಲ ಆಲ್‌ಸ್ಟಾರ್ ಆದವನಿಗೆ ಇದು ಅವಮಾನ ಎಂದು ಯಾರಾದರೂ ಅಂದುಕೊಂಡಿರಬಹುದು. 2008ರ ಫೆಬ್ರವರಿಯಲ್ಲಿ ಯಾವೊ ಪಾದದ ಮೂಳೆ ಬಿರುಕು ಬಿಟ್ಟು ಹೊರಗುಳಿದ. ಆಗ ತಂಡ ಸತತ 12 ಪಂದ್ಯ ಗೆದ್ದಿತ್ತು. ಇನ್ನು ಸರಪಣಿ ಕಡಿಯಿತು ಎನ್ನುವಾಗ 41ರ ವಯಸ್ಸಿನ ಮುಟೊಂಬೊ ಬಳೆಯ ಕೆಳಗೆ ಬಂದು ನಿಂತ. ಗೆಲುವು 22ರವರೆಗೆ ಹೋಯಿತು. ಆ ವರ್ಷದ ಸಾಲಿನಲ್ಲಿ ಅವನ ಹೆಸರಿನ ಮುಂದೆ ಇರುವುದು 39 ಪಂದ್ಯ, 3 ಪಾಯಿಂಟ್.

ಕೊನೆಯ ಸಾಲು 2008-09. ಪಂದ್ಯ 9, ಪಾಯಿಂಟ್ 1.8. ಅದೇ ಏಪ್ರಿಲ್‌ನಲ್ಲಿ ಪೋರ್ಟ್‌ಲೆಂಡ್ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ಮೊಣಕಾಲು ಕೈಕೊಟ್ಟಿತು. ಆಟ ಮುಗಿಯಿತು. ಕೂಡಿ ನೋಡಿದರೆ 1,196 ಪಂದ್ಯ, 11,729 ಪಾಯಿಂಟ್, 12,359 ರೀಬೌಂಡ್. ತಂದ ಪಾಯಿಂಟ್‌ಗಿಂತ ಹಿಡಿದ ಚೆಂಡೇ ಹೆಚ್ಚು! ಬ್ಲಾಕ್ 3,289. ಬ್ಲಾಕ್‌ಗಳನ್ನು ಎಣಿಸಲು ತೊಡಗಿದಂದಿನಿಂದ ಅವನಿಗಿಂತ ಮುಂದಿರುವವನು 3,830 ಮಾಡಿದ ಒಲಾಜುವಾನ್ ಒಬ್ಬನೇ. 55 ಎಂಬ ಅವನ ಅಂಗಿಯ ಸಂಖ್ಯೆಯನ್ನು ಡೆನ್ವರ್ ಮತ್ತು ಅಟ್ಲಾಂಟಾ ತಂಡಗಳು ಇನ್ನಾರಿಗೂ ಕೊಡದೆ ಎತ್ತಿಟ್ಟವು. 2015ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿದ.

ಪಟ್ಟಿಯ ಹೊರಗೆ

ಗೌರವದ ಕಾಲಂನಲ್ಲಿ ಎರಡು ಕಡೆ, 2001 ಮತ್ತು 2009ರಲ್ಲಿ, ಆಟಕ್ಕೆ ಸಂಬಂಧಿಸದ ಒಂದು ಪ್ರಶಸ್ತಿ ಇದೆ. ಸಮಾಜಸೇವೆಗಾಗಿ ಕೊಡುವ ವಾಲ್ಟರ್ ಕೆನಡಿ ಪ್ರಶಸ್ತಿ ಅದು. ಅದರ ಹಿಂದಿನ ಕಥೆ ಹೀಗಿದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಅವನ ದೇಶದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಬಂದಾಗ ಅವರ ಸಮವಸ್ತ್ರ, ಖರ್ಚು ಎರಡನ್ನೂ ಅವನೇ ಹೊತ್ತ. 1997ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದ. ಅದೇ ಕಾಲಕ್ಕೆ ಕಾಂಗೊ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. ಅವನ ತಾಯಿ ಬಿಯಾಂಬಾ ಮರಿ ಕಿನ್ಶಾಸಾದಲ್ಲಿ ಕಾಯಿಲೆ ಬಿದ್ದರು. ಗಲಭೆಯಿಂದ ಬೀದಿಗಳು ಬಂದ್ ಆಗಿದ್ದವು. ಆಸ್ಪತ್ರೆ ಮುಟ್ಟಲಾಗಲಿಲ್ಲ. ತೀರಿಕೊಂಡರು.

ಅಮೆರಿಕದಲ್ಲಿ ಕೋಟಿಗಟ್ಟಲೆ ಗಳಿಸುತ್ತಿದ್ದ ಮಗ, ಊರಲ್ಲಿ ಆಸ್ಪತ್ರೆಗೆ ಹೋಗಲಾಗದೆ ಸತ್ತ ತಾಯಿ. ಯಾವ ಎದುರಾಳಿಯ ಚೆಂಡನ್ನಾದರೂ ತಡೆಯಬಲ್ಲವನಿಗೆ ಇದನ್ನು ತಡೆಯಲಾಗಲಿಲ್ಲ. ಅವನು ತಾಯಿಯ ಹೆಸರಿನಲ್ಲಿ ಆಸ್ಪತ್ರೆ ಕಟ್ಟಲು ಹೊರಟ. ದೇಣಿಗೆ ಬರಲಿಲ್ಲ, ಯುದ್ಧ ನಿಲ್ಲಲಿಲ್ಲ. 2001ರಲ್ಲಿ ಭೂಮಿಪೂಜೆಯಾದರೂ ಕಟ್ಟಡದ ಕೆಲಸ ಶುರುವಾದದ್ದು 2004ರಲ್ಲಿ. 2 ಕೋಟಿ 90 ಲಕ್ಷ ಡಾಲರ್ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸ್ವಂತ ಗಳಿಕೆಯಿಂದ ಹಾಕಿದ. 2007ರಲ್ಲಿ ಕಿನ್ಶಾಸಾದ ಹೊರವಲಯದ ಬಡವರ ಬಡಾವಣೆ ಮಸೀನಾದಲ್ಲಿ 300 ಹಾಸಿಗೆಯ ಆಸ್ಪತ್ರೆ ಬಾಗಿಲು ತೆರೆಯಿತು.

ಈಗ ಪಟ್ಟಿಯ ಆ ವರ್ಷಗಳ ಸಾಲುಗಳನ್ನು ಮತ್ತೊಮ್ಮೆ ನೋಡಿ. 2004-05ರಲ್ಲಿ 4, 2005-06ರಲ್ಲಿ 2.6, 2006-07ರಲ್ಲಿ 3.1. ಅಂಗೈಯಿಂದ ಮುಚ್ಚಬೇಕೆನಿಸುವ ಸಾಲುಗಳೇ ಅವು. ಆಸ್ಪತ್ರೆಯ ಗೋಡೆ ಎದ್ದದ್ದು ಆ ಸಾಲುಗಳ ಕಾಲದಲ್ಲಿ. ಮೊಣಕಾಲು ನೋಯುವ ವಯಸ್ಸಿನಲ್ಲೂ ಆತ ಆಡುತ್ತಲೇ ಇದ್ದ ಐದು ವರ್ಷಗಳ ಬೆಲೆಯನ್ನು 2.6 ಎಂಬ ಅಂಕೆ ಹೇಗೆ ತಾನೆ ಹೇಳೀತು? ಡಾಕ್ಟರಾಗುವೆನೆಂದು ಊರು ಬಿಟ್ಟವನು ಡಾಕ್ಟರಾಗಲಿಲ್ಲ. ಅವನು ಕಟ್ಟಿದ ಮನೆಯಲ್ಲಿ ಡಾಕ್ಟರುಗಳು ಕೆಲಸ ಮಾಡುತ್ತಾರೆ.

2022ರಲ್ಲಿ ಅವನ ಮಿದುಳಿನಲ್ಲಿ ಗಡ್ಡೆ ಪತ್ತೆಯಾಗಿ ಚಿಕಿತ್ಸೆ ಆರಂಭವಾಯಿತು. 2024ರ ಸೆಪ್ಟೆಂಬರ್ 30ರಂದು, 58ನೆಯ ವಯಸ್ಸಿನಲ್ಲಿ ತೀರಿಕೊಂಡ. ಜಗತ್ತಿನ ಪತ್ರಿಕೆಗಳು ಅವನನ್ನು ನೆನೆದು ಬರೆದವು. ಎರಡು ಸಂಗತಿ ಎಲ್ಲರೂ ಬರೆದದ್ದು: ಆ ಬೆರಳು, ಈ ಆಸ್ಪತ್ರೆ. 16.6 ಎಂಬ ಮೊದಲ ವರ್ಷದ ಸರಾಸರಿ ಯಾರಿಗೂ ನೆನಪಾಗಲಿಲ್ಲ.

ಇನ್ನು ಕೆಲವೇ ತಿಂಗಳಲ್ಲಿ ಮನೆಮನೆಗೆ ಅಂಕಪಟ್ಟಿಗಳು ಬರುತ್ತವೆ. ಒಟ್ಟು ನೋಡಬೇಡಿ ಎಂದು ನಾನು ಹೇಳಿದರೂ ನೀವು ನೋಡುತ್ತೀರಿ. ನೋಡಿ. ಆದರೆ ಸಹಿ ಹಾಕುವ ಮುಂಚೆ ಕೊನೆಯ ಕಾಲಂವರೆಗೆ ಓದಿ, ಹಿಂದಿನ ವರ್ಷಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ. ಯಾವುದು ಇಳಿದಿದೆ ಎನ್ನುವುದರ ಜತೆಗೆ ಯಾವುದು ಏರಿದೆ ಎಂದೂ ಹುಡುಕಿ. ಆಮೇಲೆ ಮಗುವನ್ನು ಕೂರಿಸಿಕೊಂಡು, ಇದರಲ್ಲಿ ಬರೆಯದೆ ಬಿಟ್ಟದ್ದು ಏನಾದರೂ ಇದೆಯೇ ಎಂದು ಕೇಳಿ. ಮಕ್ಕಳೇ, ಅಪ್ಪ ಅಮ್ಮ ಹಾಗೆ ಕೇಳಿದ ದಿನ ಹೇಳಲು ನಿಮ್ಮ ಹತ್ತಿರ ಒಂದಾದರೂ ಇರಲಿ.